ಬಾಂಧವ್ಯ, ಭಾವನಿರ್ವಹಣೆ ಮತ್ತು ಮೈದುಂಬುವಿಕೆ: ಕೊಳ್ಳೇಗಾಲ ಸೀಮೆಯ ನೆಲೆಯಲ್ಲಿ

ಮಹದೇಶ್ವರ ಬೆಟ್ಟದಲ್ಲಿ ಅಮಾವಾಸ್ಯೆಯ ದಿನ ಹೆಂಗಸೊಬ್ಬಳಿಗೆ ಮೈದುಂಬಿದರೆ ಸುತ್ತಲಿನವರು ಗಾಬರಿಪಡುವುದಿಲ್ಲ. ತೋಳು ಹಿಡಿದು, ಹಣೆಗೆ ವಿಭೂತಿ ಇಟ್ಟು, ‘ಏನ್ ತೆಪ್ಪಾಗದ ಯೇಳು ಮಾದಪ್ಪ’ ಎಂದು ಕೇಳುತ್ತಾರೆ. ಇಳಿದ ಮೇಲೆ ನೀರು ಕುಡಿಸಿ ಕೂರಿಸುತ್ತಾರೆ. ಆದರೆ ಅಲ್ಲೇ ಹನೂರಿನ ಕಡೆಯ ಹುಡುಗಿಯೊಬ್ಬಳು ಮನೆಯಲ್ಲಿ ಪದೇ ಪದೇ ಹಲ್ಲು ಕಚ್ಚಿಕೊಂಡು ಬಿದ್ದು, ಎದ್ದ ಮೇಲೆ ಏನೂ ನೆನಪಿಲ್ಲವೆಂದರೆ ಅದು ಬೇರೆಯೇ ಸಂಗತಿ. 2022ರಿಂದ ಜಾರಿಯಲ್ಲಿರುವ, ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣವಾದ ಐಸಿಡಿ-11 ಈ ವ್ಯತ್ಯಾಸವನ್ನು ಒಪ್ಪುತ್ತದೆ. ಸಮುದಾಯ ಸ್ವೀಕರಿಸಿದ ಆಚರಣೆಯ ಭಾಗವಾಗಿ ಬರುವ ಆವೇಶ ಕಾಯಿಲೆಯಲ್ಲ. ಬೇಡವೆಂದರೂ ಬಂದು ಬದುಕನ್ನು ಕೆಡಿಸುವುದು ಕಾಯಿಲೆ. ಮೂರ್ಛೆರೋಗವಲ್ಲವೆಂದು ಖಚಿತವಾದ ಮೇಲೆ ಅದನ್ನು ಡಿಸೋಸಿಯೇಷನ್, ಅಂದರೆ ವಿಘಟನೆಯ ಬಗೆಯಾಗಿ ನೋಡಬೇಕಾಗುತ್ತದೆ.

ಕಾರಣವನ್ನು ಹುಡುಕಲು ತೊಟ್ಟಿಲ ಕಾಲಕ್ಕೆ ಹೋಗಬೇಕು. ಜಾನ್ ಬೌಲ್ಬಿ ಮಂಡಿಸಿದ ಬಾಂಧವ್ಯ ಸಿದ್ಧಾಂತದ ಪ್ರಕಾರ ಹೆದರಿದ ಮಗು ಮಡಿಲು ಹುಡುಕುತ್ತದೆ. ತನ್ನನ್ನು ತಾನು ಸಂತೈಸಿಕೊಳ್ಳುವುದನ್ನೂ, ಅಂದರೆ ಭಾವನಿರ್ವಹಣೆಯನ್ನೂ, ಅಲ್ಲೇ ಕಲಿಯುತ್ತದೆ. ಆ ಮಡಿಲೇ ಹೆದರಿಸಿದರೆ ಹತ್ತಿರ ಹೋಗಲೂ ಆಗದು, ದೂರ ನಿಲ್ಲಲೂ ಆಗದು. ಮೇರಿ ಮೇನ್ ಮತ್ತು ಜುಡಿತ್ ಸಾಲೊಮನ್ 1986ರಲ್ಲಿ ಗುರುತಿಸಿದ ಅಸ್ತವ್ಯಸ್ತ ಬಾಂಧವ್ಯ ಇದೇ. ಮಿನೆಸೋಟಾದ ಮಕ್ಕಳನ್ನು ಶೈಶವದಿಂದ 19ರ ವಯಸ್ಸಿನವರೆಗೆ ಗಮನಿಸಿದ ಒಗಾವ ಮತ್ತು ಸಂಗಡಿಗರಿಗೆ (1997) ಇದಕ್ಕೂ ಮುಂದಿನ ವಿಘಟನೆಗೂ ನಂಟು ಕಂಡಿತು. ಡುಟ್ರಾ ಮತ್ತು ಸಂಗಡಿಗರ 2009ರ ಅಧ್ಯಯನವನ್ನು ನಾನು ಇನ್ನೂ ಮುಖ್ಯವೆಂದು ಭಾವಿಸುತ್ತೇನೆ: ಹೊಡೆತ ಬಡಿತಕ್ಕಿಂತಲೂ, ಎಳವೆಯಲ್ಲಿ ತಾಯಿ ಜೊತೆಗಿದ್ದೂ ಮನಸ್ಸಿನಿಂದ ದೂರವಿದ್ದುದು ವಿಘಟನೆಯನ್ನು ಬಲವಾಗಿ ಮುನ್ಸೂಚಿಸಿತು. ದುಃಖವನ್ನೋ ಸಿಟ್ಟನ್ನೋ ಯಾರ ಮುಂದೆಯೂ ಇಳಿಸಲಾಗದ ಮಗು ಅದನ್ನು ಅರಿವಿನಿಂದಲೇ ಹೊರಗಿಡುವುದನ್ನು ಕಲಿಯುತ್ತದೆ.

ಇದನ್ನು ತಾಯಂದಿರ ಮೇಲಿನ ದೂರನ್ನಾಗಿ ಓದಬಾರದು. ಹನೂರಿನ ಒಣಭೂಮಿಯಿಂದ ಕೊಡಗಿನ ತೋಟಗಳಿಗೆ ಕೂಲಿಗೆ ಹೋಗುವವಳಿಗೆ ದಣಿವು ಬಿಟ್ಟರೆ ಮಗುವಿಗೆ ಕೊಡಲು ಏನು ಉಳಿದೀತು? ಅಜ್ಜಿಯ ಬಳಿ ಬೆಳೆದ ಮಗು ಅನಾಥವೂ ಅಲ್ಲ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ, ಅಂದರೆ ಹಾಡಿಗಳಲ್ಲಿ, ಕೂಸನ್ನು ಎತ್ತಿಕೊಳ್ಳುವ ಕೈಗಳು ಹಲವು. ಒಬ್ಬಳೇ ತಾಯಿಯನ್ನು ಎದುರಿಟ್ಟುಕೊಂಡು ರೂಪಿಸಿದ ಮಾಪನಗಳನ್ನು ಇಲ್ಲಿಗೆ ಹಾಗೆಯೇ ತಂದರೆ ತಪ್ಪು ಫಲಿತಾಂಶವೇ ಬರುತ್ತದೆ.

ಆದ್ದರಿಂದ ತಾಲ್ಲೂಕು ಆಸ್ಪತ್ರೆಯ ವೈದ್ಯರು ‘ಯಾವ ದೇವರು ಬಂತು’ ಎಂಬುದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಬೇಕು: ‘ಚಿಕ್ಕೋಳಿದ್ದಾಗ ಅಳ ಬಂದ್ರ ಯಾರ್ ತವ ಹೋಯ್ತಿದ್ದೆ, ಮಗ?’ ಅದನ್ನು ನೆಂಟರಿಷ್ಟರನ್ನು ಹೊರಗೆ ಕೂರಿಸಿಯೇ ಕೇಳಬೇಕು.