ಒಂಟಿ ವಾದ್ಯಕ್ಕೆ ಯಾವ ಶ್ರುತಿ?

ನಂಜನಗೂಡಿನ ದೊಡ್ಡ ಜಾತ್ರೆಯನ್ನು ಕಂಡವರಿಗೆಲ್ಲ ಅಲ್ಲಿನ ಐದು ತೇರುಗಳ ನೆನಪುಂಟು. ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ ಈ ಐವರ ರಥಗಳು ಬೀದಿಯಲ್ಲಿ ಸಾಗುವಾಗ ಭಕ್ತರ ಜಯಘೋಷ, ಹಗ್ಗ ಹಿಡಿದವರ ಕೂಗು, ಡೋಲಿನ ಪೆಟ್ಟು ಇವೆಲ್ಲದರ ಮೇಲೆ ನಾಗಸ್ವರದ ದನಿ ಏಳಬೇಕು. ಜನ ಚದರಿದ ಮೇಲೆ ಮಂಟಪದೊಳಗೆ ಕುಳಿತು ತೋಡಿರಾಗವನ್ನು ಸಾವಕಾಶವಾಗಿ ಬೆಳಸಬೇಕಾದರೋ, ಬೇಕಾಗುವ ನಾದವೇ ಬೇರೆ. ಎರಡು ಸಂದರ್ಭಗಳಿಗೂ ಒಂದೇ ಶ್ರುತಿ ಸಲ್ಲುವುದೆ? ಒಂಟಿಯಾಗಿ ನುಡಿಯುವ ವಾದ್ಯಕ್ಕೆ ಶ್ರುತಿಯನ್ನು ನಿಶ್ಚಯಿಸತಕ್ಕವರು ಯಾರು? ನಾವು ಇಂದು ವಿಚಾರ ಮಾಡಬೇಕೆಂದಿರುವುದು ಇಷ್ಟನ್ನೇ.

ಈ ಪ್ರಶ್ನೆ ನಮ್ಮವರಿಗೆ ಮಾತ್ರ ಹುಟ್ಟಿದುದಲ್ಲ. ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ನಮ್ಮ ನಾಡಿನವರು ಕೇಳಿ ಬಲ್ಲ ಐರೋಪ್ಯರ ಹಿತ್ತಾಳೆಯ ತುತ್ತೂರಿ, ಅಂದರೆ ಟ್ರಂಪೆಟ್, ಇದಕ್ಕೆ ಒಳ್ಳೆಯ ನಿದರ್ಶನ. ಹಿಂದಿನ ತುತ್ತೂರಿಗೆ ಬೆರಳಾಡಿಸುವ ಬಿರಡೆಗಳಿರಲಿಲ್ಲ. ಕೊಳವೆಯ ಉದ್ದಕ್ಕೆ ಸಹಜವಾಗಿ ಒದಗಿದ ಸ್ವರಗಳನ್ನಷ್ಟೇ ಅದು ಕೊಡುತ್ತಿತ್ತು. ಶ್ರುತಿ ಬದಲಾಗಬೇಕಾದರೆ ಕೊಳವೆಯ ಉದ್ದವೇ ಬದಲಾಗಬೇಕು. ಕೊಳವೆ ನೀಳವಾದಷ್ಟೂ ದನಿ ತಗ್ಗುವುದು, ಮೊಟಕಾದಷ್ಟೂ ಏರುವುದು. ವೈಡಿಂಗರ್ ಎಂಬ ವಾದಕನು ರಂಧ್ರಗಳನ್ನು ಮುಚ್ಚಿ ತೆರೆಯುವ ಕೀಲಿಗಳುಳ್ಳ ತುತ್ತೂರಿಯನ್ನು ಹಿಡಿದು ಬಂದಾಗ, ಹೈಡನ್ ಮಹಾಶಯನು 1796ರಲ್ಲಿ ಇ ಫ್ಲ್ಯಾಟ್ ಶ್ರುತಿಯಲ್ಲಿ ಅವನಿಗಾಗಿ ಒಂದು ಕೃತಿಯನ್ನು ರಚಿಸಿದನು. ಕವಾಟಗಳುಳ್ಳ ವಾದ್ಯ ಬಂದುದು ಅನಂತರ. ಅದು ಬಂದಮೇಲೆ ಯಾವ ತುತ್ತೂರಿಯಲ್ಲಿಯೂ ಎಲ್ಲ ಸ್ವರಗಳೂ ದೊರೆತುವು. ಆದರೂ ಆಯ್ಕೆಯ ತೊಡಕು ತೀರಲಿಲ್ಲ. ಇಂದಿಗೂ ಹೈಡನ್ನನ ಆ ಕೃತಿಯನ್ನು ಬಿ ಫ್ಲ್ಯಾಟ್ ತುತ್ತೂರಿಯಲ್ಲಿ ನುಡಿಸುವವರುಂಟು, ಅದಕ್ಕಿಂತ ಗಿಡ್ಡನಾದ ಇ ಫ್ಲ್ಯಾಟ್ ತುತ್ತೂರಿಯಲ್ಲಿ ನುಡಿಸುವವರೂ ಉಂಟು. ಮೊದಲನೆಯದರಲ್ಲಿ ನಾದ ವಿಶಾಲ; ಎರಡನೆಯದರಲ್ಲಿ ನಾದ ತೆಳುವಾದರೂ ತಾರಸ್ವರಗಳು ನಿಶ್ಚಿಂತೆಯಾಗಿ ಒದಗುತ್ತವೆ. ಹುಮ್ಮೆಲ್ ಎಂಬವನು ಇ ಶ್ರುತಿಯಲ್ಲಿ ರಚಿಸಿದ ಕೃತಿಯನ್ನಂತೂ ವಾದಕರು ತಮ್ಮ ಅನುಕೂಲಕ್ಕಾಗಿ ಅರ್ಧ ಸ್ವರ ತಗ್ಗಿಸಿ ನುಡಿಸುವುದು ವಾಡಿಕೆಯೇ ಆಗಿಹೋಗಿದೆ.

ಈ ವಾಡಿಕೆ ಸರಿಯೆ, ತಪ್ಪೆ? ತೀರ್ಪು ಕೊಡುವ ಮೊದಲು ನಮ್ಮ ನಾಗಸ್ವರದ ಕಡೆಗೆ ತಿರುಗೋಣ. ಅದರಲ್ಲಿಯೂ ಎರಡು ಪ್ರಭೇದಗಳುಂಟು: ಗಿಡ್ಡನಾದ ತಿಮಿರಿ, ನೀಳವಾದ ಬಾರಿ. ತಿಮಿರಿಯ ಷಡ್ಜವು ಹಾರ್ಮೋನಿಯಮ್ಮಿನ ಲೆಕ್ಕದಲ್ಲಿ ನಾಲ್ಕನೆಯ ಮನೆಯ ಆಸುಪಾಸಿನಲ್ಲಿಯೋ ಅದಕ್ಕೂ ಮೇಲೆಯೋ ನಿಲ್ಲುತ್ತದೆ. ಬಾರಿಯದು ಎರಡನೆಯ ಮನೆಯ ಸುತ್ತಿನಲ್ಲಿ. ನುಡಿಸುವ ಏಳು ರಂಧ್ರಗಳ ಕೆಳಗೆ ಇನ್ನೂ ಐದು ರಂಧ್ರಗಳಿದ್ದು, ಅವನ್ನು ಮೇಣದಿಂದ ಬೇಕಾದಷ್ಟು ಮುಚ್ಚಿ ಶ್ರುತಿಯನ್ನು ಕೊಂಚ ಸರಿಪಡಿಸಬಹುದು. ಆದರೆ ಮೇಣದಿಂದ ತಿಮಿರಿಯು ಬಾರಿಯಾಗದು. ಬೀದಿಗೆ ತಿಮಿರಿ ತಕ್ಕದ್ದು. ಅದರ ತೀಕ್ಷ್ಣನಾದ ಗದ್ದಲವನ್ನು ಸೀಳುತ್ತದೆ. ತಮಿಳುನಾಡಿನ ತಿರುವಾವಡುದುರೈ ರಾಜರತ್ನಂ ಪಿಳ್ಳೆಯವರು (1898–1956) ಬಾರಿಯನ್ನು ಕಚೇರಿಗೆ ತಂದು ರೂಢಿಗೊಳಿಸಿದರು. ಅವರ ತೋಡಿಯ ಗಾಂಭೀರ್ಯಕ್ಕೆ ಆ ತಗ್ಗು ಶ್ರುತಿಯು ನೆಲೆಯಾಯಿತು.

ಇನ್ನು ಕಪಿಲಾನದಿಯ ಜೊತೆಯಲ್ಲಿ ನಂಜನಗೂಡಿನಿಂದ ಕೆಳಕ್ಕೆ ಇಳಿದರೆ, ಅವಳು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರ ಸಿಕ್ಕುತ್ತದೆ. 1895ರಲ್ಲಿ ಪಿಟೀಲು ಚೌಡಯ್ಯನವರು ಜನಿಸಿದ ನೆಲ ಅದು. ತಮ್ಮ ರಚನೆಗಳಿಗೆ ಅವರು ‘ತ್ರಿಮಕುಟ’ ಎಂಬ ಊರಿನ ಹೆಸರನ್ನೇ ಅಂಕಿತವಾಗಿಟ್ಟರು. ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ಚೌಡಯ್ಯನವರಿಗೆ ಒದಗಿದ ಕಷ್ಟವು ತುತ್ತೂರಿಯವನ ಕಷ್ಟಕ್ಕಿಂತ ದೊಡ್ಡದು. ಪಕ್ಕವಾದ್ಯದವನಿಗೆ ಶ್ರುತಿಯನ್ನು ಆರಿಸುವ ಸ್ವಾತಂತ್ರ್ಯವಿಲ್ಲ; ಗಾಯಕನ ಕಂಠ ಎಲ್ಲಿ ನಿಲ್ಲುವುದೋ ಅಲ್ಲಿಗೆ ಪಿಟೀಲಿನ ತಂತಿಗಳು ಇಳಿಯಬೇಕು. ಸಡಿಲಾದ ತಂತಿ ಮಂಕಾಗಿ ನುಡಿಯುತ್ತದೆ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಆ ದನಿ ಸಭೆಯ ಕಡೆಯ ಸಾಲಿಗೆ ಮುಟ್ಟುವ ಬಗೆಯೆಂತು? ಚೌಡಯ್ಯನವರು ನಾಲ್ಕು ತಂತಿಗಳಿಗೆ ಮತ್ತೆ ಮೂರನ್ನು ಜೋಡಿಸಿ, ಕಮಾನಿನ ಒಂದೇ ಎಳೆತಕ್ಕೆ ಜೋಡಿತಂತಿಗಳು ಮಿಡಿಯುವಂತೆ ಏಳು ತಂತಿಗಳ ಪಿಟೀಲನ್ನು ಸಿದ್ಧಪಡಿಸಿದರು. ಶ್ರುತಿಯನ್ನು ಬದಲಿಸಲಾಗದವರು ವಾದ್ಯವನ್ನೇ ಬದಲಿಸಿದರು! 1957ರಲ್ಲಿ ಮದರಾಸಿನ ಸಂಗೀತ ವಿದ್ವತ್ಸಭೆಯು ಅವರಿಗೆ ಸಂಗೀತ ಕಲಾನಿಧಿ ಎಂಬ ಬಿರುದನ್ನಿತ್ತು ಗೌರವಿಸಿತು.

ಅಷ್ಟರಲ್ಲಿ ಕಾಲವೂ ಬದಲಾಗಿತ್ತು. 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ಆಕಾಶವಾಣಿಯನ್ನು ಆರಂಭಿಸಿದಂದಿನಿಂದ ನಮ್ಮ ವಿದ್ವಾಂಸರು ಮೈಕ್ರೋಫೋನಿನ ಮುಂದೆ ಕೂರುವುದನ್ನು ಕಲಿತರು. ಪಿಸುಮಾತನ್ನೂ ಊರೂರಿಗೆ ಮುಟ್ಟಿಸುವ ಯಂತ್ರದ ಮುಂದೆ ಏರುಶ್ರುತಿಯ ಅಗತ್ಯವೇನು? ಆ ಯಂತ್ರವು ಸಭೆಗಳಲ್ಲಿಯೂ ನೆಲೆಗೊಂಡಮೇಲೆ ಬಹುಮಂದಿ ಗಾಯಕರು ಶ್ರುತಿಯನ್ನು ತಗ್ಗಿಸಿಕೊಂಡರು. ಇದರಿಂದ ಮಂದ್ರಸ್ಥಾಯಿಯ ಸೊಗಸು ಹೆಚ್ಚಿತೆಂಬುದು ನಿಜ. ಆದರೆ ಅನುಕೂಲವೇ ಅಳತೆಗೋಲಾದರೆ ನಷ್ಟವೂ ಉಂಟು. ಬಯಲಿನಲ್ಲಿ ನುಡಿಯಲೆಂದೇ ಹುಟ್ಟಿದ ತಿಮಿರಿಯು ಮೂಲೆಗೆ ಬಿದ್ದರೆ, ಅದರೊಡನೆ ಒಂದು ಉಸಿರಿನ ಅಭ್ಯಾಸವೂ ಒಂದು ಬೀದಿಯ ಸಂಗೀತವೂ ಮೂಲೆಗೆ ಬೀಳುತ್ತವೆ. ಕಳೆದುಹೋದ ಗ್ರಂಥವನ್ನು ಇನ್ನೊಂದು ಪ್ರತಿಯಿಂದ ಪಡೆಯಬಹುದು. ಗುರುಮುಖದಿಂದ ಬಂದ ಉಸಿರಿಗೆ ಬೇರೆ ಪ್ರತಿಯಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯವನ್ನು ಹೀಗೆ ಅರಿಕೆ ಮಾಡುತ್ತೇವೆ. ಒಂಟಿಯಾಗಿ ನುಡಿಸತಕ್ಕವನು ಮೊದಲು ಕೃತಿಯನ್ನು ಕೇಳಬೇಕು: ಅದರ ಅತಿ ಕೆಳಗಿನ ಸ್ವರ ತುಂಬಿ ನುಡಿಯುವುದೆ, ಮೇಲಿನ ಸ್ವರ ಒಡೆಯದೆ ನಿಲ್ಲುವುದೆ? ಎರಡನೆಯದಾಗಿ ಸ್ಥಳವನ್ನು ಕೇಳಬೇಕು: ಬಯಲೋ, ಮಂಟಪವೋ, ಮೈಕ್ರೋಫೋನೋ? ತನ್ನ ತುಟಿಬೆರಳುಗಳ ಸುಖವನ್ನು ಕೇಳತಕ್ಕದ್ದು ಇವೆರಡರ ತರುವಾಯ. ಹುಮ್ಮೆಲ್ಲನ ಕೃತಿಯನ್ನು ತಗ್ಗಿಸುವವನು ಕೃತಿಯ ಹಿತಕ್ಕಾಗಿ ತಗ್ಗಿಸಿದರೆ ಅವನನ್ನು ದೂರುವಂತಿಲ್ಲ. ಸೋಮಾರಿತನದಿಂದ ತಗ್ಗಿಸಿದರೆ ಮೆಚ್ಚುವಂತಿಲ್ಲ. ಆಯ್ಕೆಗೇ ಎಡೆಯಿಲ್ಲದ ಕಡೆಯಲ್ಲಿ ಏನು ಮಾಡಬೇಕೆಂಬುದನ್ನು ತಿರುಮಕೂಡಲಿನ ವಿದ್ವಾಂಸರು ಮಾಡಿ ತೋರಿಸಿದ್ದಾರೆ. ಮುಂದಿನ ಜಾತ್ರೆಯಲ್ಲಿ ರಥದ ಮುಂದೆ ನಾಗಸ್ವರ ಕೇಳಿಬಂದಾಗ ಶ್ರೋತೃಗಳು ಒಂದು ಗಳಿಗೆ ನಿಂತು, ಆ ದನಿ ಏಕೆ ಅಷ್ಟು ಎತ್ತರದಲ್ಲಿದೆಯೆಂದು ಆಲೋಚಿಸಿದರೆ ನಮ್ಮ ಈ ಮಾತು ಸಾರ್ಥಕವಾಗುವುದು.