ಇಂಗ್ಲಿಷ್ ಸ್ವರಗಳ ಚರಿತ್ರೆ

ಇಂಗ್ಲಿಷ್ ವರ್ಣಮಾಲೆಯಲ್ಲಿ ಸ್ವರಾಕ್ಷರಗಳು ಐದೆಂದು ನಾವೆಲ್ಲರೂ ಬಾಲ್ಯದಲ್ಲಿಯೇ ಕಲಿತಿದ್ದೇವೆ. ಆದರೆ ದಕ್ಷಿಣ ಇಂಗ್ಲೆಂಡಿನ ವಿದ್ಯಾವಂತರ ನುಡಿಗೆ ಕಿವಿಗೊಟ್ಟು ಎಣಿಸಿದ ಪಂಡಿತರು ಅದರಲ್ಲಿ ಸುಮಾರು 20 ಸ್ವರಧ್ವನಿಗಳನ್ನು ಗುರುತಿಸಿದ್ದಾರೆ. ಐದು ಅಕ್ಷರಗಳ ಮೇಲೆ ಇಪ್ಪತ್ತು ಧ್ವನಿಗಳ ಭಾರ ಬಿದ್ದುದು ಹೇಗೆ? ಬರೆದಂತೆ ಓದುವ ಲಿಪಿಯಲ್ಲಿ ಬೆಳೆದ ನಮಗೆ ಇದು ಆ ಜನರ ಅಲಕ್ಷ್ಯವೆಂದು ತೋರುವುದು ಸಹಜ. ಚರಿತ್ರೆಯನ್ನು ನೋಡಿದರೆ ವಿಷಯವು ಬೇರೆಯಾಗಿದೆ.

1400ರಲ್ಲಿ ತೀರಿಕೊಂಡ ಚಾಸರ್ ಕವಿಯ ಕಾಲದಲ್ಲಿ ಬರೆಹವೂ ಉಚ್ಚಾರಣೆಯೂ ಬಹುಮಟ್ಟಿಗೆ ಹೊಂದಿಕೊಂಡಿದ್ದುವು. ಇಂದಿನ ‘ನೇಮ್’ ಆಗ ‘ನಾಮ’ ಎಂಬುದಕ್ಕೆ ಸಮೀಪವಾಗಿದ್ದಿತು. ಇಂದಿನ ‘ಮೌಸ್’ ಆಗ ‘ಮೂಸ್’. ಇಂದಿನ ‘ಟೈಮ್’ ಆಗ ‘ಟೀಮ’. ಸಂಸ್ಕೃತದ ನಾಮ, ಮೂಷಿಕ ಶಬ್ದಗಳಿಗೂ ಇವಕ್ಕೂ ಇರುವ ಮೂಲದ ನಂಟು ಆ ಹಳೆಯ ಉಚ್ಚಾರಣೆಯಲ್ಲಿ ನಮ್ಮ ಕಿವಿಗೇ ಕೇಳಿಸುತ್ತದೆ.

ಮುಂದಿನ ಸುಮಾರು ಮುನ್ನೂರು ವರ್ಷಗಳಲ್ಲಿ ಆ ಭಾಷೆಯ ದೀರ್ಘಸ್ವರಗಳೆಲ್ಲವೂ ಸ್ಥಾನ ಬಿಟ್ಟು ಚಲಿಸಿದುವು. ನಾಲಗೆಯು ಮೊದಲಿಗಿಂತ ಮೇಲಕ್ಕೇರಿತು. ಆಕಾರವು ಏಕಾರದ ಕಡೆಗೂ, ಏಕಾರವು ಈಕಾರದ ಕಡೆಗೂ, ಓಕಾರವು ಊಕಾರದ ಕಡೆಗೂ ಸರಿದುವು. ಮೊದಲೇ ತುತ್ತತುದಿಯಲ್ಲಿದ್ದ ಈಕಾರ ಊಕಾರಗಳು ಇನ್ನು ಮೇಲೇರಲು ಎಡೆಯಿಲ್ಲದೆ ಒಡೆದು ಐಕಾರ ಔಕಾರಗಳಾದುವು. ಡೆನ್ಮಾರ್ಕಿನ ಪಂಡಿತ ಆಟೋ ಯೆಸ್ಪರ್ಸನ್ 1909ರಲ್ಲಿ ಇದನ್ನು ‘ಮಹಾ ಸ್ವರಪಲ್ಲಟ’ವೆಂಬರ್ಥದ ಹೆಸರಿನಿಂದ ಕರೆದನು.

ಈ ಚಲನೆಯ ನಡುವೆ, 1476ರಲ್ಲಿ, ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟವನ್ನು ಹೂಡಿದನು. ಅಚ್ಚಿನ ಮೊಳೆಗಳ ದೆಸೆಯಿಂದ ಬರೆಹವು ಕ್ರಮೇಣ ಸ್ಥಿರವಾಗುತ್ತ ಬಂದಿತು. ಬಾಯಿಯ ಸ್ವರಗಳು ಮಾತ್ರ ನಡೆಯುತ್ತಲೇ ಇದ್ದುವು. ಮಾಂಸವೆಂಬರ್ಥದ ‘ಮೀಟ್’ ಶಬ್ದವನ್ನೂ ಸಂಧಿಸುವುದೆಂಬರ್ಥದ ‘ಮೀಟ್’ ಶಬ್ದವನ್ನೂ ಬೇರೆ ಬೇರೆಯಾಗಿ ಬರೆಯುವುದೇತಕ್ಕೆಂದು ವಿದ್ಯಾರ್ಥಿಗಳು ಕೇಳುತ್ತಾರೆ. ಒಂದಾನೊಂದು ಕಾಲದಲ್ಲಿ ಅವುಗಳ ಸ್ವರಗಳೇ ಬೇರೆಯಾಗಿದ್ದುವು. ಕಿವಿಯು ಮರೆತ ಭೇದವನ್ನು ಕಾಗದವು ಉಳಿಸಿಕೊಂಡಿದೆ.

ಇದನ್ನು ಕಂಡು ಅಂದೇ ಅಸಮಾಧಾನಪಟ್ಟವರೂ ಇದ್ದರು. ಜಾನ್ ಹಾರ್ಟ್ ಎಂಬಾತನು 1569ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಕ್ಷರವು ಧ್ವನಿಯನ್ನು ಅನುಸರಿಸಬೇಕೆಂದು ವಾದಿಸಿ, ಹೊಸ ಲಿಪಿಯೊಂದನ್ನು ರಚಿಸಿದನು. ಆ ಲಿಪಿಯನ್ನು ಯಾರೂ ಹಿಡಿಯಲಿಲ್ಲ. ಆದರೆ ಹಳೆಯ ಈಕಾರವು ಆಗಲೇ ‘ಎಯ್’ ಎಂಬಂತೆ ಒಡೆದಿದ್ದಿತೆಂಬುದನ್ನು ನಾವು ತಿಳಿದಿರುವುದು ಅವನ ಬರೆಹದಿಂದಲೇ. 1791ರಲ್ಲಿ ಜಾನ್ ವಾಕರನು ಸ್ವರಗಳ ಮೇಲೆ ಅಂಕಿಗಳನ್ನಿಟ್ಟು ಉಚ್ಚಾರಣ ನಿಘಂಟನ್ನು ಹೊರತಂದನು. ಸ್ಕಾಟ್ಲೆಂಡ್, ಐರ್ಲೆಂಡ್, ಲಂಡನ್ನಿನ ಜನರು ತಮ್ಮ ತಮ್ಮ ವಿಕಾರಗಳನ್ನು ಬಿಡಲು ಬೇಕಾದ ನಿಯಮಗಳನ್ನೂ ಅದರಲ್ಲಿ ಸೇರಿಸಿದನು. ಶಾಸ್ತ್ರವೆನಿಸಿದ್ದುದು ಇಲ್ಲಿ ಜನರ ಯೋಗ್ಯತೆಯನ್ನು ಅಳೆಯುವ ಕೋಲೂ ಆಯಿತು.

ಅದೇ ಕಾಲದಲ್ಲಿ ಕಲ್ಕತ್ತೆಯಲ್ಲಿದ್ದ ಸರ್ ವಿಲಿಯಂ ಜೋನ್ಸನು ಸಂಸ್ಕೃತದ ವರ್ಣಕ್ರಮವನ್ನು ಕಂಡು ಮೆಚ್ಚಿ, ಇಂಗ್ಲಿಷ್ ಬರೆಹದ ಕುಂದನ್ನು ‘ಏಷಿಯಾಟಿಕ್ ರಿಸರ್ಚಸ್’ ಪತ್ರಿಕೆಯ ಮೊದಲ ಸಂಪುಟದಲ್ಲಿ ಕಟುವಾಗಿ ಖಂಡಿಸಿದನು. ಕಂಠ, ತಾಲು, ಓಷ್ಠಗಳೆಂದು ಧ್ವನಿಯ ಸ್ಥಾನವನ್ನು ಹಿಡಿದು ವಿಂಗಡಿಸುವ ನಮ್ಮ ಶಿಕ್ಷಾಶಾಸ್ತ್ರವು ಯೂರೋಪಿಗೆ ಹೊಸ ದೃಷ್ಟಿಯನ್ನು ಕೊಟ್ಟಿತು. ಭಾರತೀಯ ವೈಯಾಕರಣರಿಲ್ಲದೆ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಧ್ವನಿಶಾಸ್ತ್ರವನ್ನು ಊಹಿಸಿಕೊಳ್ಳುವುದೇ ಕಷ್ಟವೆಂದು ಜೆ. ಆರ್. ಫರ್ತ್ 1946ರಲ್ಲಿ ಒಪ್ಪಿಕೊಂಡಿದ್ದಾನೆ. 1886ರಲ್ಲಿ ಪಾಲ್ ಪ್ಯಾಸಿಯ ಮುಂದಾಳುತನದಲ್ಲಿ ಪ್ಯಾರಿಸಿನಲ್ಲಿ ಕೂಡಿದ ಭಾಷಾಧ್ಯಾಪಕರ ಸಂಘವು 1888ರಲ್ಲಿ ಅಂತರರಾಷ್ಟ್ರೀಯ ಧ್ವನಿಲಿಪಿಯನ್ನು ಪ್ರಕಟಿಸಿತು. ಅರ್ಥಭೇದಕವಾದ ಒಂದೊಂದು ಧ್ವನಿಗೂ ಒಂದೊಂದು ಚಿಹ್ನೆಯೆಂಬುದು ಅದರ ಮೂಲಸೂತ್ರ.

ಈ ಲಿಪಿಯಲ್ಲಿ ಬರೆದಾಗಲೇ ಇಂಗ್ಲಿಷಿನ ನಿಜರೂಪವು ಹೊರಬೀಳುತ್ತದೆ. ‘ಬನಾನ’ ಎಂಬ ಶಬ್ದದಲ್ಲಿ ಒಂದೇ ಸ್ವರಾಕ್ಷರವು ಮೂರು ಸಲ ಬರುತ್ತದೆ. ಒತ್ತು ಬಿದ್ದ ನಡುವಣದು ಮಾತ್ರ ದೀರ್ಘವಾಗಿ ಕೇಳುತ್ತದೆ. ಮೊದಲನೆಯದೂ ಕಡೆಯದೂ ಬಾಡಿ ‘ಷ್ವ’ ಎಂಬ ಅಸ್ಪಷ್ಟಸ್ವರವಾಗುತ್ತವೆ. ಇದನ್ನು ತಲೆಕೆಳಗಾದ ‘ಇ’ ಎಂಬ ರೋಮನ್ ಅಕ್ಷರದಿಂದ ಗುರುತಿಸುತ್ತಾರೆ. ಛಂದಸ್ಸಿನವರು ಅಕ್ಷರವೆನ್ನುವ ಘಟಕದ ವಿಚಾರವೂ ಹೀಗೆಯೇ ಕುತೂಹಲಕರ. ‘ಸ್ಕೂಲ್’ ಅವರಿಗೆ ಏಕಾಕ್ಷರ. ನಮ್ಮ ಬಾಯಲ್ಲಿ ‘ಸ್ಕೂಲು’ ಎರಡಾಗುತ್ತದೆ, ಹಳ್ಳಿಯ ‘ಇಸ್ಕೂಲು’ ಮೂರಾಗುತ್ತದೆ. ‘ಬಾಟಲ್’ ಎಂಬುದರ ಎರಡನೆಯ ಅಕ್ಷರದಲ್ಲಿ ಎಷ್ಟೋ ವೇಳೆ ಸ್ವರವೇ ಇರುವುದಿಲ್ಲ, ಲಕಾರವೇ ಸ್ವರದ ಕೆಲಸವನ್ನು ಮಾಡುತ್ತದೆ. ವಿದೇಶೀಯರು ಬೆರಗಾಗುವ ಈ ಸಂಗತಿಯು ಋಕಾರವನ್ನೂ ‘ಕ್ಲೃಪ್ತ’ ಶಬ್ದದಲ್ಲಿರುವ ಸ್ವರವನ್ನೂ ಬಲ್ಲ ನಮಗೆ ಹೊಸದಲ್ಲ.

1917ರಲ್ಲಿ ಡೇನಿಯಲ್ ಜೋನ್ಸ್ ಈ ಧ್ವನಿಲಿಪಿಯಲ್ಲಿ ಇಂಗ್ಲಿಷ್ ಉಚ್ಚಾರಣ ನಿಘಂಟನ್ನು ಪ್ರಕಟಿಸಿದನು. ತಾನು ಕೇಳಿದುದನ್ನು ದಾಖಲಿಸುವೆನೇ ಹೊರತು ಹೀಗೆಯೇ ನುಡಿಯಿರೆಂದು ವಿಧಿಸುವುದಿಲ್ಲವೆಂದು ಆತನು ಸ್ಪಷ್ಟವಾಗಿ ಹೇಳಿದ್ದನು. ಆದರೂ ಲೋಕವು ಅದನ್ನು ವಿಧಿಯೆಂದೇ ಗ್ರಹಿಸಿತು. ರೇಡಿಯೋ ಬಂದ ಮೇಲಂತೂ ಪ್ರಶ್ನೆಯು ತೀವ್ರವಾಯಿತು. 1926ರಲ್ಲಿ ಬಿ.ಬಿ.ಸಿ. ಸಂಸ್ಥೆಯು ಉಚ್ಚಾರಣೆಯ ವಿಷಯದಲ್ಲಿ ಸಲಹೆ ಕೊಡಲು ಸಮಿತಿಯೊಂದನ್ನು ನೇಮಿಸಿತು. ಕವಿ ರಾಬರ್ಟ್ ಬ್ರಿಜಸ್, ಆತನ ತರುವಾಯ ಬರ್ನಾರ್ಡ್ ಷಾ ಅದರ ಅಧ್ಯಕ್ಷರಾಗಿದ್ದರು. 1941ರಲ್ಲಿ ಯಾರ್ಕ್‌ಷೈರಿನ ವಿಲ್‌ಫ್ರೆಡ್ ಪಿಕಲ್ಸ್ ತನ್ನ ಪ್ರಾಂತದ ಸ್ವರಗಳಲ್ಲಿಯೇ ರಾಷ್ಟ್ರಕ್ಕೆ ವಾರ್ತೆಯನ್ನು ಓದಿದಾಗ ಅನೇಕ ಶ್ರೋತೃಗಳು ಆಕ್ಷೇಪಿಸಿದರು. ಉತ್ತರದವರಿಗೆ ಆತನು ‘ಗುಡ್ ನೀಟ್’ ಎಂದು ವಿದಾಯ ಹೇಳುತ್ತಿದ್ದನು. ಅಪಭ್ರಂಶವೆನಿಸಿದ ಆ ‘ನೀಟ್’ ಐಕಾರವಾಗಿ ಒಡೆಯದೆ ಉಳಿದ ಈಕಾರವುಳ್ಳ ಶಬ್ದ. ಉತ್ತರದೇಶದ ಜನರಿಗೆ ತಲೆತಲಾಂತರದಿಂದ ಬಂದ ನುಡಿ.

ಇಂಗ್ಲಿಷನ್ನು ಕಲಿಸುವವರಾದ ನಾವು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು. ಕೇಳುವವರಿಗೆ ಅರ್ಥವಾಗುವ ಸ್ಪಷ್ಟವಾದ ಉಚ್ಚಾರಣೆಯನ್ನು ವಿದ್ಯಾರ್ಥಿಗೆ ಅಭ್ಯಾಸ ಮಾಡಿಸಬೇಕು, ನಿಘಂಟಿನ ಚಿಹ್ನೆಗಳನ್ನು ಓದಲು ಕಲಿಸಬೇಕು. ಆದರೆ ಕಿವಿಗೆ ಕೇಳಿಸಿದಂತೆ ಬರೆದು ಕಾಗುಣಿತದಲ್ಲಿ ಎಡವುವ ಬಾಲಕನನ್ನು ಮಂದಬುದ್ಧಿಯೆಂದು ಹಳಿಯಬಾರದು. ಅವನು ಮಾಡಿದುದು 1569ರಲ್ಲಿ ಜಾನ್ ಹಾರ್ಟ್ ಮಾಡಬೇಕೆಂದು ಬೇಡಿಕೊಂಡ ಕೆಲಸವನ್ನೇ.