ಮನೆಗೆ ಬರುವ ಕಿರುಕುಳ ಮತ್ತು ವಂಚನೆಯ ದೂರವಾಣಿ ಕರೆಗಳು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಭಾಗದ ಅನೇಕ ಮನೆಗಳಲ್ಲಿ ಮಕ್ಕಳು ಬೆಂಗಳೂರಿನಲ್ಲೋ ವಿದೇಶದಲ್ಲೋ ಕೆಲಸದಲ್ಲಿದ್ದು, ಊರಿನಲ್ಲಿ ಹಿರಿಯರು ಮಾತ್ರ ಉಳಿದಿರುತ್ತಾರೆ. ಮಕ್ಕಳ ದನಿ ಕೇಳಿಸುವ ಅದೇ ಫೋನಿನಲ್ಲಿ ಅಪರಿಚಿತರೂ ಮನೆಯೊಳಗೆ ಬರುತ್ತಾರೆ. ಕೆಲವರು ಸಾಲ, ನಿವೇಶನ ಮಾರುವವರು. ಕೆಲವರು ಸುಮ್ಮನೆ ಪೀಡಿಸುವವರು. ಇನ್ನು ಕೆಲವರು ಖಾತೆಯನ್ನೇ ಬರಿದು ಮಾಡುವವರು. ಒಬ್ಬರಿಗೆ ಹೇಳಿದ ಮದ್ದು ಇನ್ನೊಬ್ಬರಿಗೆ ನಾಟುವುದಿಲ್ಲ.

ಮಾರಾಟದ ಕರೆಗಳಿಗೆ ಉಪಾಯ ಸುಲಭ. 1909ಕ್ಕೆ ಉಚಿತವಾಗಿ ಕರೆ ಮಾಡಿ, ಜಾಹೀರಾತು ಕರೆಗಳು ಬೇಡವೆಂದು ನೋಂದಾಯಿಸಬಹುದು. ಮೊಬೈಲಿನಿಂದ ಅದೇ ಸಂಖ್ಯೆಗೆ ಸಂದೇಶ ಕಳುಹಿಸಿದರೂ ಆಗುತ್ತದೆ. ನೋಂದಾಯಿಸಿದ ಮೇಲೂ ಕರೆ ಬಂದರೆ ಅಲ್ಲಿಗೇ ದೂರು ಕೊಡಬೇಕು. ದೂರು ಕೊಡಲು ಮೊದಲು 3 ದಿನಗಳ ಅವಕಾಶವಿತ್ತು. 2025ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಅದನ್ನು 7 ದಿನಗಳಿಗೆ ಏರಿಸಿತು. ಜಾಹೀರಾತಿನ ಕರೆಗಳಿಗೆ 140ರಿಂದ ಆರಂಭವಾಗುವ ಸಂಖ್ಯೆಗಳನ್ನೂ, ಬ್ಯಾಂಕು ಮುಂತಾದವರ ಸೇವಾ ಕರೆಗಳಿಗೆ 1600ರಿಂದ ಆರಂಭವಾಗುವ ಸಂಖ್ಯೆಗಳನ್ನೂ ಮೀಸಲಿಡಲಾಗಿದೆ. ಸಾಮಾನ್ಯ ಹತ್ತಂಕಿಯ ಮೊಬೈಲಿನಿಂದ "ನಿಮ್ಮ ಬ್ಯಾಂಕಿನಿಂದ ಮಾತನಾಡುತ್ತಿದ್ದೇನೆ" ಎಂದವರನ್ನು ನಂಬಬೇಕಾಗಿಲ್ಲ. ಆದರೆ 1909ರ ನೋಂದಣಿಯಿಂದ ವಂಚಕರ ಕರೆ ನಿಲ್ಲುತ್ತದೆ ಎಂದು ತಿಳಿಯಬಾರದು. ಕಳ್ಳರು ಪಟ್ಟಿ ನೋಡಿ ಬರುವುದಿಲ್ಲ.

ಕರೆ ಮಾಡಿ ಮಾತನಾಡದೆ ಇಡುವುದು, ಅಶ್ಲೀಲವಾಗಿ ಮಾತನಾಡುವುದು, ಹೆಣ್ಣುಮಕ್ಕಳಿಗೆ ರಾತ್ರಿ ಪದೇ ಪದೇ ಫೋನ್ ಮಾಡುವುದು ಬೇರೆಯೇ ಪಿಡುಗು. ಇಂಥವರಿಗೆ ಬೈದರೆ ಅದೇ ಅವರಿಗೆ ಆಟವಾಗುತ್ತದೆ. ಉತ್ತರಿಸದೆ ಇಟ್ಟುಬಿಡಿ, ಒಂದು ಹಾಳೆಯಲ್ಲಿ ದಿನಾಂಕ, ಗಂಟೆ, ಸಂಖ್ಯೆ ಬರೆದಿಡಿ. ಕರೆ ಮಾಡಿದವನ ವಿವರವನ್ನು ದೂರವಾಣಿ ಕಂಪನಿ ಪೊಲೀಸರಿಗೆ ಕೊಡುತ್ತದೆಯೇ ಹೊರತು ನಮಗೆ ಕೊಡುವುದಿಲ್ಲ. ಆದ್ದರಿಂದ ಲಿಖಿತ ದೂರು ಅಗತ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮಹಿಳೆಯನ್ನು ಬೆನ್ನುಹತ್ತಿ ಪೀಡಿಸುವುದು (ಕಲಂ 78), ಮಾತಿನಿಂದ ಆಕೆಯ ಮಾನಕ್ಕೆ ಕುಂದು ತರುವುದು (ಕಲಂ 79) ಶಿಕ್ಷಾರ್ಹ ಅಪರಾಧಗಳು. ತುರ್ತು ಸಹಾಯಕ್ಕೆ 112, ಮಹಿಳಾ ಸಹಾಯವಾಣಿಗೆ 181.

ಹೆಚ್ಚು ಭಯಪಡಬೇಕಾದದ್ದು ಹಣ ದೋಚುವ ಕರೆಗಳಿಗೆ. ವೇಷಗಳು ಹಲವು. ಕೆವೈಸಿ ಮುಗಿದಿದೆ, ಎಟಿಎಂ ಕಾರ್ಡ್ ನಿಲ್ಲುತ್ತದೆ ಎನ್ನುವುದು ಹಳೆಯದು. ಬಿಲ್ ಕಟ್ಟಿಲ್ಲ, ಇಂದು ರಾತ್ರಿ ಕರೆಂಟ್ ಕಡಿತವಾಗುತ್ತದೆ ಎಂಬುದು ಇನ್ನೊಂದು. ನಮ್ಮವರು ಈಗಲೂ ಕೆಇಬಿ ಎಂದೇ ಕರೆಯುವ ಸೆಸ್ಕ್‌ನ ಸಹಾಯವಾಣಿ 1912. ಅನುಮಾನವಿದ್ದರೆ ಅಲ್ಲಿಗೆ ಕೇಳಿದರೆ ಸಾಕು. "ಹಣ ಬರಲು ಪಿನ್ ಒತ್ತಿ" ಎಂದರೆ ಅದು ಸುಳ್ಳೇ. ಯುಪಿಐ ಪಿನ್ ಬೇಕಾಗುವುದು ಹಣ ಕಳುಹಿಸಲು, ಪಡೆಯಲು ಅಲ್ಲ. ಫೋನಿಗೆ ಯಾವುದೋ ಆ್ಯಪ್ ಹಾಕಿಕೊಳ್ಳಿ ಎಂದರೆ ಅಲ್ಲಿಗೇ ಮಾತು ನಿಲ್ಲಿಸಬೇಕು.

ಎಲ್ಲಕ್ಕಿಂತ ಕ್ರೂರವಾದದ್ದು "ಡಿಜಿಟಲ್ ಅರೆಸ್ಟ್". ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮ ಆಧಾರ್ ಬಳಸಿ ಅಕ್ರಮ ನಡೆದಿದೆ ಎಂದು ಆರಂಭವಾಗುತ್ತದೆ. ನಂತರ ವಿಡಿಯೋದಲ್ಲಿ ಪೊಲೀಸ್ ಸಮವಸ್ತ್ರ ಧರಿಸಿದವನೊಬ್ಬ ಕಾಣಿಸಿಕೊಂಡು, ಫೋನ್ ಇಡಬಾರದು, ಮನೆಯವರಿಗೂ ಹೇಳಬಾರದು ಎಂದು ಅಪ್ಪಣೆ ಮಾಡುತ್ತಾನೆ. "ಪರಿಶೀಲನೆಗೆ" ಎಂದು ಹಣ ವರ್ಗಾಯಿಸಿಕೊಳ್ಳುತ್ತಾನೆ. ಹಿಂದಿ ಬಾರದ ಹಿರಿಯರು ಕೆಲವೊಮ್ಮೆ ಹಾಗೆಯೇ ಪಾರಾದದ್ದುಂಟು. ಆದರೆ ಕನ್ನಡ ಬಲ್ಲ ವಂಚಕರೂ ಇದ್ದಾರೆ. 2025ರ ಮಾರ್ಚ್‌ನಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ವೃದ್ಧ ದಂಪತಿಯೊಂದು ಇಂಥ ಬೆದರಿಕೆಗೆ ಸಿಲುಕಿ, 50 ಲಕ್ಷ ರೂಪಾಯಿಗೂ ಹೆಚ್ಚು ಹಣ ಕಳೆದುಕೊಂಡು, ಕೊನೆಗೆ ಪ್ರಾಣವನ್ನೇ ಬಿಟ್ಟಿತು.

ಭಾರತದ ಯಾವ ಕಾನೂನಿನಲ್ಲೂ "ಡಿಜಿಟಲ್ ಅರೆಸ್ಟ್" ಎಂಬುದಿಲ್ಲ. ಪೊಲೀಸರಾಗಲಿ, ಸಿಬಿಐ ಆಗಲಿ, ನ್ಯಾಯಾಲಯವಾಗಲಿ ವಿಡಿಯೋ ಕರೆಯಲ್ಲಿ ಯಾರನ್ನೂ ಬಂಧಿಸುವುದಿಲ್ಲ, ಹಣ ಕೇಳುವುದಿಲ್ಲ. ಈ ಹಾವಳಿ ಎಷ್ಟು ಬೆಳೆಯಿತೆಂದರೆ, 2025ರ ಡಿಸೆಂಬರ್ 1ರಂದು ಸುಪ್ರೀಂ ಕೋರ್ಟ್ ಇದರ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ವಂಚಕನ ನಿಜವಾದ ಆಯುಧ "ಯಾರಿಗೂ ಹೇಳಬೇಡಿ" ಎಂಬ ಮಾತು. ಅದು ಕಿವಿಗೆ ಬಿದ್ದೊಡನೆ ಫೋನ್ ಇಟ್ಟು, ಮಗಳಿಗೋ ಪಕ್ಕದ ಮನೆಯವರಿಗೋ ಗುರುಗಳಿಗೋ ಹೇಳಿಬಿಡಬೇಕು. ಹೀಗೆ ಕರೆ ಕಡಿದು ಹಾಕಿದರೆ ಮರ್ಯಾದೆಗೆಟ್ಟ ನಡತೆ ಎಂದು ನಮ್ಮ ಹಿರಿಯರು ಸಂಕೋಚಪಡುತ್ತಾರೆ. ಇಲ್ಲಿ ಆ ಸಂಕೋಚ ಖಂಡಿತ ಬೇಡ.

ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಯಾವ ಖಾತೆಯಿಂದ, ಎಷ್ಟು ಗಂಟೆಗೆ, ಎಷ್ಟು ಹಣ ಹೋಯಿತು, ವ್ಯವಹಾರದ ಸಂಖ್ಯೆ ಏನು ಎಂಬುದನ್ನು ಅವರು ಕೇಳುತ್ತಾರೆ; ಬ್ಯಾಂಕಿನ ಸಂದೇಶವನ್ನು ಅಳಿಸಬೇಡಿ. ಅಲ್ಲಿಂದ ಮಾಹಿತಿ ಬ್ಯಾಂಕಿಗೆ ಹೋಗಿ, ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ಉಳಿದಿದ್ದರೆ ತಡೆಹಿಡಿಯಲಾಗುತ್ತದೆ. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ಬೇಗ ಸಾಗಿಸುವುದರಿಂದ ಮೊದಲ ಒಂದೆರಡು ಗಂಟೆಯೇ ಮುಖ್ಯ. ಮಗ ಸಂಜೆ ಬರಲಿ ಎಂದು ಕಾಯಬೇಡಿ. ನಂತರ ಬ್ಯಾಂಕ್ ಶಾಖೆಗೂ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. 2017ರ ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕನ ಅಜಾಗ್ರತೆಯಿಂದ ನಷ್ಟವಾಗಿದ್ದರೂ ಬ್ಯಾಂಕಿಗೆ ತಿಳಿಸಿದ ನಂತರದ ನಷ್ಟ ಬ್ಯಾಂಕಿನದೇ ಆಗಿತ್ತು.

ಪೊಲೀಸ್ ದೂರಿಗೆ ಹಾಸನದಲ್ಲಿ ಸಿಇಎನ್ ಠಾಣೆ ಇದೆ. ಅರಕಲಗೂಡಿನವರು ಅಲ್ಲಿಯವರೆಗೆ ಬಸ್ ಹಿಡಿದು ಹೋಗಲೇಬೇಕೆಂದಿಲ್ಲ. ಅಪರಾಧ ಎಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿ ಮಾಹಿತಿ ನೀಡಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಲ್ಲಿ ಅವಕಾಶವಿದೆ. ಹಣ ಹೋಗದೆ ಬರೀ ಕರೆ ಬಂದಿದ್ದರೆ, ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿಯಲ್ಲಿರುವ "ಚಕ್ಷು" ವಿಭಾಗದಲ್ಲಿ ಆ ಸಂಖ್ಯೆಯನ್ನು ತಿಳಿಸಬಹುದು. ಮನೆಯ ಮಕ್ಕಳು ಇದನ್ನು ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಹಣ ಕಳೆದುಕೊಂಡವರನ್ನು "ಓದಿದವರಾಗಿ ಹೀಗೆ ಮೋಸಹೋದಿರಾ" ಎಂದು ಹಂಗಿಸುವುದು ನಮ್ಮಲ್ಲಿ ಸಾಮಾನ್ಯ. ಆ ಮಾತಿಗೆ ಹೆದರಿಯೇ ಎಷ್ಟೋ ಮಂದಿ ದೂರು ಕೊಡುವುದಿಲ್ಲ. ಅಂಥವರ ಮನಸ್ಸು ತೀರಾ ಕುಗ್ಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಹಿರಿಯ ನಾಗರಿಕರ ಸಹಾಯವಾಣಿ 14567.

ಧರ್ಮಕೇಂದ್ರದ ಕಚೇರಿಗಳಲ್ಲಿ ಕೆಲಸ ಮಾಡುವವರಿಗೆ ಎರಡು ಮಾತು. ಬಿಷಪರ ಅಥವಾ ಗುರುಗಳ ಹೆಸರು, ಫೋಟೋ ಇಟ್ಟುಕೊಂಡು ತುರ್ತಾಗಿ ಹಣ ಕೇಳುವ ಸಂದೇಶ ಬಂದರೆ, ನಿಮ್ಮಲ್ಲಿ ಮೊದಲೇ ಇರುವ ಸಂಖ್ಯೆಗೆ ಕರೆ ಮಾಡಿ ಕೇಳಿದ ಮೇಲೆಯೇ ಮುಂದುವರಿಯಿರಿ. ಧರ್ಮಕೇಂದ್ರದ ಕುಟುಂಬಗಳ ಕೈಪಿಡಿಯಲ್ಲಿ ಹೆಸರು, ವಯಸ್ಸು, ಫೋನ್ ಸಂಖ್ಯೆ, ಮಕ್ಕಳು ಯಾವ ದೇಶದಲ್ಲಿದ್ದಾರೆ ಎಂಬುದನ್ನೆಲ್ಲ ಒಟ್ಟಿಗೆ ಅಚ್ಚು ಹಾಕಿಸಿ ವಾಟ್ಸಾಪ್‌ನಲ್ಲಿ ಹಂಚುವ ಪದ್ಧತಿಯನ್ನು ಪಾಲನಾ ಪರಿಷತ್ತುಗಳು ಮುಂದಿನ ಮುದ್ರಣಕ್ಕೆ ಮೊದಲು ಮರುಪರಿಶೀಲಿಸಬೇಕು.